ಹನ್ನೊಂದು ದಶಾಂಶ ನಾಲ್ಕು

“ಈ ಅಂಕೆ ಸುಳ್ಳು,” ಎಂದಳು ಪ್ರೀತಿಕಾ.

ಆಯಿಶತ್ ಶಿಫಾ ಬೆಂಚಿನಿಂದ ಎದ್ದು ನಿಂತಳು. ಆಲಂಕಾರಿನ ಆ ಪುಟ್ಟ ಮನೆಯ ಅಂಗಳದ ಕಲ್ಲಿನ ಮೇಲೆ ಅಲ್ಯುಮಿನಿಯಂ ಪಾತ್ರೆ ತಿಕ್ಕುತ್ತಿದ್ದ ಅವಳ ಅಜ್ಜಿ ಮೈಮೂನಮ್ಮನ ಕೈ ಒಂದು ಕ್ಷಣ ನಿಂತಿತು.

ಪ್ರೀತಿಕಾ ಎರಡು ಹಾಳೆಗಳನ್ನು ಬೆಂಚಿನ ಮೇಲೆ ಅಂಚಿಗೆ ಅಂಚು ಹೊಂದಿಸಿ ಇಟ್ಟಳು. ಎರಡೂ ರೆಸ್ಯೂಮೆಗಳು. ಎಡಗಡೆಯದು ಶಿಫಾಳದು, ಬಲಗಡೆಯದು ಅಜ್ಜಾವರದ ಪ್ರಖ್ಯಾತನದು. ಇಬ್ಬರೂ ಸಂಪಾಜೆಯ ತೆಂಕಬೈಲು ಲ್ಯಾಟೆಕ್ಸ್ ಘಟಕದಲ್ಲಿ ದುಡಿದವರು. ಇಬ್ಬರ ಅರ್ಜಿಯೂ ಪುತ್ತೂರಿನ ಶ್ವೇತಹಸ್ತ ಕೈಗವಸು ಕಾರ್ಖಾನೆಯ ಒಂದೇ ಹುದ್ದೆಗೆ, ಪ್ರಯೋಗಾಲಯದ ಮೇಲ್ವಿಚಾರಣೆಗೆ. ‘ಸಾಧನೆಗಳು’ ಎಂಬ ಶೀರ್ಷಿಕೆಯ ಕೆಳಗೆ ಇಬ್ಬರೂ ಬರೆದದ್ದು ಒಂದೇ ವಾಕ್ಯ. ಅಲ್ಪವಿರಾಮಕ್ಕೂ ವ್ಯತ್ಯಾಸವಿಲ್ಲ.

‘ಸಂಗ್ರಹಣೆಯ ಹಂತದಲ್ಲಿ ಹೆಪ್ಪುಗಟ್ಟಿ ತಿರಸ್ಕೃತವಾಗುತ್ತಿದ್ದ ರಬ್ಬರ್ ಹಾಲಿನ ಪ್ರಮಾಣವನ್ನು, ಮೂರು ತಿಂಗಳಲ್ಲಿ, ಶೇಕಡ 11.4ರಿಂದ 2.1ಕ್ಕೆ ಇಳಿಸಿದೆ.’

ಇಬ್ಬರಲ್ಲಿ ಒಬ್ಬರು ಕದ್ದಿದ್ದಾರೆ. ಯಾರೆಂದು ಇಂದು, ಶನಿವಾರ, ಸಂಜೆ ನಾಲ್ಕು ಗಂಟೆಯೊಳಗೆ, ಕಾರ್ಖಾನೆ ನೇಮಿಸಿದ ಹೊರಗಿನ ಪರಿಶೀಲಕಿ ಪ್ರೀತಿಕಾ ಲಿಖಿತ ವರದಿ ಕೊಡಬೇಕು. ಕದ್ದವರ ಹೆಸರು ಭಾವಚಿತ್ರಸಮೇತ, ಪುತ್ತೂರಿನಿಂದ ಮಡಿಕೇರಿಯವರೆಗಿನ ಇಪ್ಪತ್ತಾರು ಕಾರ್ಖಾನೆಗಳ ವಾಟ್ಸ್ಆ್ಯಪ್ ಗುಂಪಿಗೆ ಹೋಗುತ್ತದೆ. ಆಮೇಲೆ ಆ ವ್ಯಕ್ತಿಗೆ ಯಾವ ಪ್ರಯೋಗಾಲಯದ ಬಾಗಿಲೂ ತೆರೆಯುವುದಿಲ್ಲ.

ಈಗ ಬೆಳಗಿನ ಒಂಬತ್ತು ಐವತ್ತು.

“ಸುಳ್ಳು ಅಂತ ಹೇಗೆ ಹೇಳ್ತೀರಿ ಮೇಡಂ?” ಶಿಫಾ ಕೇಳಿದಳು.

ಪ್ರೀತಿಕಾ ಮೊಬೈಲಿನಲ್ಲಿ ಒಂದು ಚಿತ್ರ ತೆರೆದಳು. ನಿನ್ನೆ ಸಂಪಾಜೆಯ ಘಟಕದ ಸಂಗ್ರಹಣಾ ಶೆಡ್ಡಿನಲ್ಲಿ ತೆಗೆದದ್ದು. ಬೆಳೆಗಾರರು ನೋಡಲೆಂದು ಗೋಡೆಗೆ ಹಾಕಿದ ತಿಂಗಳ ಪಟ್ಟಿಗಳು, ಹೊಸದರ ಹಿಂದೆ ಹಳೆಯವು, ಎಲ್ಲವೂ ಒಂದೇ ಮೊಳೆಗೆ ಚುಚ್ಚಿಕೊಂಡಿದ್ದವು. ಪ್ರತಿ ದಿನಕ್ಕೊಂದು ಚೌಕ, ಚೌಕದೊಳಗೆ ಆ ದಿನ ಬಂದ ಹಾಲಿನ ತೂಕ, ಅಡಿಯಲ್ಲಿ ಇಡೀ ತಿಂಗಳ ತಿರಸ್ಕೃತ ಶೇಕಡ.

“ಕಳೆದ ವರ್ಷದ ಸೆಪ್ಟೆಂಬರ್, 3.5. ಅಕ್ಟೋಬರ್, 3.1. ಹಿಂದಿನ ಎರಡು ವರ್ಷವನ್ನೂ ನೋಡಿದ್ದೇನೆ. ಯಾವ ತಿಂಗಳೂ ನಾಲ್ಕನ್ನು ದಾಟಿಲ್ಲ. ಹನ್ನೊಂದು ದಶಾಂಶ ನಾಲ್ಕು ಎಲ್ಲಿಂದ ಬಂತು?”

ಶಿಫಾ ಚಿತ್ರವನ್ನು ನೋಡಿದಳು. ಅವಳ ಮುಖದಲ್ಲಿ ಭಯಕ್ಕಿಂತ ಹೆಚ್ಚಾಗಿ ಕಂಡದ್ದು ಬೇಸರ.

“ಅದು ತಿಂಗಳಿನದ್ದಲ್ಲ. ಶುಕ್ರವಾರದ್ದು.”

“ಅಂದರೆ?”

“ಉಳಿದ ಐದು ದಿನ ಹಾಲು ಸರಿಯಾಗಿಯೇ ಬರ್ತಿತ್ತು. ಎರಡರ ಹತ್ತಿರ. ಶುಕ್ರವಾರ ಮಾತ್ರ ಕ್ಯಾನು ತೆರೆದ್ರೆ ಮೊಸರಿನ ಹಾಗೆ ಗಂಟು. ಎಂಟು ಶುಕ್ರವಾರ ಬರೆದಿಟ್ಟು ಸರಾಸರಿ ತೆಗೆದದ್ದು ಮೇಡಂ ಅದು.”

ಪ್ರೀತಿಕಾ ಲೆಕ್ಕ ಹಾಕಿದಳು. ವಾರಕ್ಕೆ ಆರು ಸಂಗ್ರಹದ ದಿನ. ಐದು ದಿನ ಎರಡು, ಒಂದು ದಿನ ಹನ್ನೊಂದು ದಶಾಂಶ ನಾಲ್ಕು. ಸರಾಸರಿ ಮೂರೂವರೆಯ ಆಸುಪಾಸು. ಗೋಡೆಯ ಪಟ್ಟಿ ಹೇಳಿದ್ದೂ ಅದನ್ನೇ.

ಅಂಕೆ ಸುಳ್ಳಲ್ಲ. ಅರ್ಧ ಮಾತ್ರ ಹೇಳಿದ ಅಂಕೆ.

“‘ಶುಕ್ರವಾರ’ ಅನ್ನುವ ಪದ ಇದರಲ್ಲಿ ಯಾಕಿಲ್ಲ?”

“ಇತ್ತು. ಕಡಬದಲ್ಲಿ ಟೈಪ್ ಮಾಡಿಸಿದ್ದು, ಸರ್ವೋತ್ತಮಣ್ಣನ ಅಂಗಡಿಯಲ್ಲಿ. ಎರಡು ಸಾಲಿಗಿಂತ ಉದ್ದ ಆದ್ರೆ ಕೆಲಸ ಕೊಡುವವರು ಓದುದಿಲ್ಲ ಅಂತ ಅವರೇ ತೆಗೆದ್ರು. ‘ಯಾವ ವಾರ ಆದ್ರೆ ಎಂತ ಮಾರಾಯ್ತಿ, ಅಂಕೆ ದೊಡ್ಡದಿದ್ರೆ ಆಯ್ತಲ್ಲ’ ಅಂದ್ರು.”

“ಇಳಿಸಿದ್ದು ಹೇಗೆ? ಅದೂ ಇಲ್ಲ.”

ಶಿಫಾ ಅಜ್ಜಿಯ ಕಡೆಗೆ ನೋಡಿದಳು. ಮೈಮೂನಮ್ಮ ಪಾತ್ರೆಯನ್ನು ಕವುಚಿ ಹಾಕಿ, ಪಕ್ಕದ ತಟ್ಟೆಯಿಂದ ಒಂದು ಹಸಿರು ಕಾಯಿ ಎತ್ತಿಕೊಂಡರು. ಬೆರಳುದ್ದದ, ಹುಳಿ ನೀರು ತುಂಬಿದ ಬಿಂಬುಳಿ. ಅದನ್ನು ಅಂಗೈಯಲ್ಲಿ ಜಜ್ಜಿ ಪಾತ್ರೆಯ ಅಂಚಿಗೆ ಉಜ್ಜಿದರು. ಮಸಿ ಬಿಟ್ಟು ಅಲ್ಯುಮಿನಿಯಂ ಬೆಳ್ಳಿಯಂತೆ ಮಿಂಚಿತು.

“ಇದೇ ಉತ್ತರ,” ಎಂದಳು ಶಿಫಾ.

ಪ್ರೀತಿಕಾ ಬ್ಯಾಗಿನ ಹೊರಕಿಸೆಯಿಂದ ಆಮ್ಲದ ಮಟ್ಟ ಅಳೆಯುವ ಪಿಎಚ್ ಕಾಗದದ ಪುಟ್ಟ ಪುಸ್ತಿಕೆ ತೆಗೆದು, ಒಂದು ಪಟ್ಟಿ ಹರಿದು, ಜಜ್ಜಿದ ಕಾಯಿಗೆ ಒತ್ತಿದಳು. ಪಟ್ಟಿ ಕಡುಗೆಂಪಾಯಿತು. ಎರಡಕ್ಕಿಂತ ಕೆಳಗೆ. ಸೂಚಿಯ ಕೊನೆಯ ಬಣ್ಣ.

“ಗುರುವಾರ ಸಂಜೆ ಎಲ್ಲಾ ಮನೆಯಲ್ಲೂ ಪಾತ್ರೆ ತಿಕ್ಕುದು ಮೇಡಂ. ನಮ್ಮಲ್ಲಿ ಜುಮಾ ನಮಾಜಿನ ದಿನಕ್ಕೆ. ನಿಮ್ಮವರಲ್ಲಿ ಶುಕ್ರವಾರದ ದೀಪಕ್ಕೆ. ತಿಕ್ಕುದು ಬಿಂಬುಳಿಯಲ್ಲಿ, ಇಲ್ಲದಿದ್ರೆ ಹುಣಸೆಯಲ್ಲಿ. ರಬ್ಬರ್ ಹಾಲಿನ ಕ್ಯಾನು ನಾರ್ತದೆ ಅಂತ ಅದನ್ನೂ ಅದರೊಟ್ಟಿಗೆ ತಿಕ್ಕುದು. ಮುಚ್ಚಳದ ಸಂದಿಯಲ್ಲಿ ಸ್ವಲ್ಪ ಹುಳಿ ಉಳಿದ್ರೆ ಸಾಕಲ್ಲ?”

“ಸಾಕು,” ಎಂದಳು ಪ್ರೀತಿಕಾ. ಹುಳಿ ಬಿದ್ದ ರಬ್ಬರ್ ಹಾಲು ಒಡೆಯುತ್ತದೆ. ರಬ್ಬರ್ ಹಾಳೆ ಮಾಡುವವರು ಬೇಕೆಂದೇ ಆಮ್ಲ ಸುರಿದು ಒಡೆಸುತ್ತಾರೆ. ಇಲ್ಲಿ ಅದು ಯಾರಿಗೂ ತಿಳಿಯದೆ, ವಾರಕ್ಕೊಮ್ಮೆ, ನಾಳೆಯ ಶುಭ್ರತೆಗಾಗಿ ನಡೆಯುತ್ತಿತ್ತು.

“ನಾನು ನಲವತ್ತಮೂರು ಮನೆಗೆ ಹೋದೆ. ಎಲ್ಲಾ ಗುರುವಾರವೇ. ಹಾಲಿನ ಕ್ಯಾನಿಗೆ ಬಿಂಬುಳಿ ಮುಟ್ಟಿಸಬೇಡಿ, ತೊಳೆದ ಮೇಲೆ ಒಂದು ಚೊಂಬು ಸುಣ್ಣದ ತಿಳಿನೀರು ಹಾಕಿ ಕುಲುಕಿಸಿ ಅಂತ ಹೇಳಿದೆ. ಅಷ್ಟೇ ನಾನು ಮಾಡಿದ್ದು.”

“ಅಷ್ಟೇ ಅಂತೆ!” ಮೈಮೂನಮ್ಮ ಪಾತ್ರೆಯನ್ನು ಕಲ್ಲಿಗೆ ಕುಟ್ಟಿದರು. “ಕಾಲು ಬಾತುಹೋಗಿತ್ತು ಮಗಳೇ ಇವಳದ್ದು. ನನಗೂ ಬೈದಳು, ಬಿಂಬುಳಿ ಹಿಡಿದದ್ದಕ್ಕೆ. ಅರುವತ್ತು ವರ್ಷದಿಂದ ತಿಕ್ಕುವ ನನಗೆ!”

“ಇದನ್ನು ಬರೆದಿದ್ದರೆ ಯಾರೂ ಕದಿಯಲು ಆಗುತ್ತಿರಲಿಲ್ಲ,” ಎಂದಳು ಪ್ರೀತಿಕಾ. “ಬರೀ ಅಂಕೆ ಎಂದರೆ ಬಾಗಿಲು ತೆರೆದಿಟ್ಟ ಮನೆ.”

“ರೆಸ್ಯೂಮೆಯಲ್ಲಿ ಬಿಂಬುಳಿ ಅಂತ ಬರೆದ್ರೆ ನಗುದಿಲ್ವಾ ಮೇಡಂ?”

ಪ್ರೀತಿಕಾ ನಗಲಿಲ್ಲ. ಟಿಪ್ಪಣಿ ಪುಸ್ತಕದಲ್ಲಿ ಮೂರು ಅಂಕಣ ಎಳೆದಳು. ಏನು, ಹೇಗೆ, ಸಾಕ್ಷಿ. ಮೊದಲ ಎರಡು ತುಂಬಿದವು.

“ಎಂಟು ಶುಕ್ರವಾರದ ದಾಖಲೆ ಎಲ್ಲಿದೆ?”

“ನೀಲಿ ರಟ್ಟಿನ ಪುಸ್ತಕ. ನನ್ನ ಕೈಬರಹ. ಲ್ಯಾಬಿನಲ್ಲೇ ಇತ್ತು. ಹೋದ ತಿಂಗಳು ನನ್ನನ್ನು ಬಿಡಿಸುವಾಗ ಕೇಳಿದೆ. ಅಂಥ ಪುಸ್ತಕವೇ ಇಲ್ಲ ಅಂದ್ರು.”

“ಶುಕ್ರವಾರದ ವಿಷಯ ಯಾರಿಗೆಲ್ಲ ಹೇಳಿದ್ದೆ?”

“ಮ್ಯಾನೇಜರ್ ಸರಿಗೆ ಮಾತ್ರ. ಅವರು ಮಾರ್ಚಿನಲ್ಲಿ ಬಿಟ್ಟು ಹೋದ್ರಲ್ಲ.”

ಪ್ರೀತಿಕಾ ‘ಮ್ಯಾನೇಜರ್, ಮಾರ್ಚ್’ ಎಂದು ಬರೆದುಕೊಂಡು ಗಡಿಯಾರ ನೋಡಿದಳು. ಹತ್ತು ಇಪ್ಪತ್ತೈದು. ಸುಳ್ಯ ತಲುಪಲು ಒಂದೂವರೆ ಗಂಟೆ ಬೇಕು. ಅವಸರದಲ್ಲಿ ಎದ್ದಳು. ಆ ಮ್ಯಾನೇಜರನ ಹೆಸರೇನೆಂದು ಕೇಳಲಿಲ್ಲ.

ಎಂದೂ ಒಂದು ಪ್ರಶ್ನೆಯನ್ನು ಕೇಳದೆ ಬಿಡದ ಪ್ರೀತಿಕಾ ಅಂದು ಬಿಟ್ಟ ಪ್ರಶ್ನೆ ಅದೊಂದೇ.

“ಮೇಡಂ,” ಶಿಫಾ ಗೇಟಿನವರೆಗೆ ಬಂದಳು. “ನಾಲ್ಕು ವರ್ಷ ಆ ಲ್ಯಾಬಿನಲ್ಲಿ ನಾನು ‘ಹುಡುಗಿ’. ‘ಹುಡುಗಿಯನ್ನು ಕರೀರಿ, ಹುಡುಗಿಯ ಹತ್ರ ಕೊಡಿ.’ ನನ್ನ ಹೆಸರಿನ ಕೆಳಗೆ ಇರುವುದು ಆ ಒಂದು ಸಾಲು ಮಾತ್ರ. ಅದನ್ನೂ ಕದ್ದದ್ದು ಅಂತ ಬರೆದ್ರೆ, ಮತ್ತೆ ನನಗೆ ಎಂತ ಉಂಟು?”

ಪ್ರೀತಿಕಾ ಸ್ಕೂಟರಿನ ಕೀಲಿಯನ್ನು ಎರಡು ಸಲ ತಪ್ಪಾಗಿ ತಿರುಗಿಸಿದಳು.

*

ಸುಳ್ಯದ ಪೇಟೆಯಲ್ಲಿ ಪೋಕರ್ ಅವರ ಹೋಟೆಲು. ಹನ್ನೆರಡು ಹದಿನೈದು. ಮೂಲೆಯ ಮೇಜಿನಲ್ಲಿ ಪ್ರಖ್ಯಾತ್ ಮೊದಲೇ ಬಂದು ಕುಳಿತಿದ್ದ. ತೆಂಕಬೈಲು ಘಟಕದ ಉತ್ಪಾದನಾ ಮೇಲ್ವಿಚಾರಕ, ಮೂವತ್ತನಾಲ್ಕರ ಆಸುಪಾಸು. ರಬ್ಬರ್ ಹಾಲು ಹೆಪ್ಪಾಗದಂತೆ ಬೆರೆಸುವ ಅಮೋನಿಯದ ಹೊಗೆ ಕುಡಿದ ಕಣ್ಣುಗಳ ಅಂಚು ಕೆಂಪಗಿತ್ತು. ಎದುರಿಗಿದ್ದ ಚಹಾದ ಮೇಲೆ ಕೆನೆ ಕಟ್ಟಿತ್ತು.

ಪ್ರೀತಿಕಾಳ ಬಳಿ ಒಂದು ಸುಳಿವಿತ್ತು. ಪ್ರಖ್ಯಾತನ ರೆಸ್ಯೂಮೆಯ ಅಡಿಯಲ್ಲಿ ‘ತಿಳಿದಿರುವ ಭಾಷೆಗಳು: ಕನ್ನಡ, ತುಳು, ಅರೆಭಾಷೆ, ಬ್ಯಾರಿ, ಇಂಗ್ಲಿಷ್’ ಎಂದಿತ್ತು. ಅಜ್ಜಾವರದ ಗೌಡರ ಮನೆಯವನ ಹಾಳೆಯಲ್ಲಿ ಕರಾವಳಿಯ ಮುಸ್ಲಿಮರ ಮನೆಮಾತಾದ ಬ್ಯಾರಿ ಹೇಗೆ ಬಂತು? ಶಿಫಾಳ ಹಾಳೆಯ ಮೇಲೆಯೇ ಹೆಸರು ಬದಲಿಸಿ ಟೈಪ್ ಮಾಡಿದಾಗ ಉಳಿದುಹೋದ ಕುರುಹು ಅದು ಎಂದು ಅವಳು ತರ್ಕಿಸಿದ್ದಳು. ಆ ಪದದ ಕೆಳಗೆ ಎರಡು ಗೆರೆ ಎಳೆದಿದ್ದಳು.

“ನಿಮಗೆ ಬ್ಯಾರಿ ಬರ್ತದಾ?” ಕುಳಿತೊಡನೆ ಕೇಳಿದಳು.

ಪ್ರಖ್ಯಾತ್ ಉತ್ತರಿಸುವ ಮೊದಲೇ ಗಲ್ಲಾದ ಹಿಂದಿನಿಂದ ಪೋಕರ್ ನಕ್ಕರು. “ಇವನಿಗಾ? ನಮ್ಮ ಅಳಿಯನಿಗಿಂತ ಚೆಂದ ಮಾತಾಡ್ತಾನೆ ಮಾರಾಯ್ರೆ! ಸಣ್ಣದಿರುವಾಗ ಇವನ ಅಪ್ಪನಿಗೂ ನಮಗೂ ಒಂದೇ ಲಾರಿ. ಊಟ ನಿದ್ದೆ ಎಲ್ಲ ನಮ್ಮಲ್ಲಿ.” ಅವರು ಬ್ಯಾರಿಯಲ್ಲಿ ಏನೋ ಕುಟುಕಿದರು. ಪ್ರಖ್ಯಾತ್ ತಲೆಯೆತ್ತದೆಯೇ ಅದೇ ಭಾಷೆಯಲ್ಲಿ ತಿರುಗೇಟು ಕೊಟ್ಟ. ಎರಡು ಮೇಜು ಆಚೆಯವರೂ ನಕ್ಕರು.

ಪ್ರೀತಿಕಾ ಆ ಎರಡು ಗೆರೆಗಳನ್ನು ಹೊಡೆದುಹಾಕಿದಳು. ಸುಳಿವು ಸತ್ತಿತು. ಉಳಿದದ್ದು ಒಂದೇ ಪ್ರಶ್ನೆ.

“11.4ರಿಂದ 2.1. ಹೇಗೆ ಇಳಿಸಿದಿರಿ?”

“ಅಮೋನಿಯ ಜಾಸ್ತಿ ಮಾಡಿದ್ದು.” ಬಾಯಿಪಾಠದಂತೆ ಬಂತು. “ಕ್ಯಾನಿಗೆ ಹಾಕುವ ಪ್ರಮಾಣ ಶೇಕಡ 0.3 ಇದ್ದದ್ದನ್ನು 0.7 ಮಾಡಿದೆ. ಹಾಲು ಹೆಪ್ಪಾಗುದು ನಿಂತಿತು.”

“11.4 ಯಾವುದರ ಶೇಕಡ?”

“ಹಾಲಿನದ್ದು.”

“ಯಾವ ಹಾಲಿನದ್ದು?”

“ಎಂತ ಮೇಡಂ, ಒಟ್ಟು ಹಾಲಿನದ್ದು. ತಿಂಗಳಿಗೆ ಬರುವ ಹಾಲಿನದ್ದು.”

ಪ್ರೀತಿಕಾ ಮೊಬೈಲನ್ನು ಅವನ ಮುಂದೆ ಇಟ್ಟಳು. “ಸೆಪ್ಟೆಂಬರ್ 3.5. ಅಕ್ಟೋಬರ್ 3.1. ಈ ಪಟ್ಟಿ ಬರೆಯುವವರು ಯಾರು?”

ಪ್ರಖ್ಯಾತ್ ನೋಡಿದ. ಪಟ್ಟಿಯ ಅಡಿಯಲ್ಲಿ ನೀಲಿ ಶಾಯಿಯ ಸಹಿಯಿತ್ತು. ಅವನದೇ.

ಅವನ ಬೆರಳು ಚಹಾದ ಲೋಟದ ಅಂಚಿನಲ್ಲಿ ಒಂದು ಸುತ್ತು ಹಾಕಿತು. ಇನ್ನೊಂದು ಸುತ್ತು ಹಾಕಿತು.

“ನಿಮ್ಮ ಕೈಯಿಂದಲೇ 3.5 ಎಂದು ಬರೆದವರು ರೆಸ್ಯೂಮೆಯಲ್ಲಿ 11.4 ಎಂದು ಬರೆಯುತ್ತೀರಿ. ಎರಡರಲ್ಲಿ ಒಂದು ಸುಳ್ಳಾಗಬೇಕು. ಯಾವುದು?”

“ಪಟ್ಟಿ ಸುಳ್ಳಲ್ಲ,” ಎಂದ ಥಟ್ಟನೆ. ಆ ಮಾತಿನಲ್ಲಿ ಮೊದಲ ಬಾರಿಗೆ ಜೀವವಿತ್ತು. “ಒಂಬತ್ತು ವರ್ಷದಿಂದ ಬರೀತೇನೆ. ಒಂದು ದಿನ ತಪ್ಪಿಲ್ಲ. ಜ್ವರ ಇದ್ದಾಗಲೂ ಬಂದು ಬರೆದಿದ್ದೇನೆ.”

“ಅಕ್ಟೋಬರ್ ಹನ್ನೊಂದು ತಪ್ಪಿದೆಯಲ್ಲ. ಚೌಕ ಖಾಲಿ. ತುಕ್ಕಿನ ಕಲೆ ಮಾತ್ರ ಉಂಟು.”

ಅವನು ಚಿತ್ರವನ್ನು ಬೆರಳಿನಿಂದ ಹಿಗ್ಗಿಸಿದ. “ತುಕ್ಕಲ್ಲ ಮೇಡಂ, ಕುಂಕುಮ. ಆವತ್ತು ಆಯುಧಪೂಜೆ. ಯಂತ್ರಕ್ಕೆ, ತಕ್ಕಡಿಗೆ, ಮರ ಕೆತ್ತುವ ಟ್ಯಾಪಿಂಗ್ ಕತ್ತಿಗೆ ಎಲ್ಲ ಹಚ್ಚಿದ್ದು. ನನ್ನ ಪಟ್ಟಿಗೂ ಒಂದು ಬೊಟ್ಟು ಇಟ್ಟೆ. ಘಟಕ ಇಡೀ ದಿನ ಬಂದ್. ಹಾಲು ಬಾರದ ದಿನ ಚೌಕ ಖಾಲಿ ಬಿಡುದು, ಸೊನ್ನೆ ಹಾಕುದಲ್ಲ.”

ಪ್ರೀತಿಕಾ ತನ್ನ ಟಿಪ್ಪಣಿಯಲ್ಲಿ ‘ತುಕ್ಕು’ ಎಂಬುದನ್ನು ಹೊಡೆದು ‘ಕುಂಕುಮ’ ಎಂದು ತಿದ್ದಿದಳು.

“ಹಾಗಾದರೆ 11.4?”

ಹೊರಗೆ ಮಡಿಕೇರಿಯ ಕಡೆಗೆ ಏರಬೇಕಾದ ಲಾರಿಯೊಂದು ಗೇರು ಬದಲಿಸಿ ನರಳಿತು.

“ನನ್ನದಲ್ಲ,” ಎಂದ ಪ್ರಖ್ಯಾತ್. “ಆ ಬಯೋಡೇಟವೇ ನಾನು ಮಾಡಿದ್ದಲ್ಲ. ನನಗೆ ಫೈಲು ಬಂತು. ‘ಇದನ್ನು ನಿನ್ನ ಮೈಲಿನಿಂದ ಕಳಿಸು, ಕೆಲಸ ನಿನ್ನದೇ’ ಅಂದ್ರು. ಅಮೋನಿಯದ ಮಾತೂ ಅವರೇ ಹೇಳಿಕೊಟ್ಟದ್ದು.”

“ಆ ಸಾಲು ಶಿಫಾಳದು ಎಂದು ಗೊತ್ತಿತ್ತಾ?”

“ಯಾರದ್ದು ಅಂತ ಗೊತ್ತಿರಲಿಲ್ಲ. ನನ್ನದಲ್ಲ ಅಂತ ಗೊತ್ತಿತ್ತು.” ಅವನು ಕೆಂಪು ಕಣ್ಣುಗಳನ್ನು ಒರೆಸಿಕೊಂಡ. “ನೀವು ಹಾಗೆ ನೋಡಬೇಡಿ ಮೇಡಂ. ಒಂಬತ್ತು ವರ್ಷ ಆಯ್ತು. ಸಾಧನೆ ಅಂತ ಬರೀಲಿಕ್ಕೆ ಕೂತ್ರೆ ನನಗೆ ಒಂದು ಸಾಲಿಲ್ಲ.”

“ಒಂಬತ್ತು ವರ್ಷ ಒಂದು ದಿನವೂ ತಪ್ಪದ ದಾಖಲೆ. ಅದನ್ನು ಬರೆಯಬಹುದಿತ್ತು.”

“ಅದು ಕೆಲಸ ಅಲ್ವಾ? ಸಾಧನೆ ಹೇಗಾಗ್ತದೆ?”

ಪ್ರೀತಿಕಾ ಗಡಿಯಾರ ನೋಡಿದಳು. “ಫೈಲು ಕಳುಹಿಸಿದವರು ಯಾರು?”

ಅವನು ಬಾಗಿಲ ಕಡೆ ನೋಡಿದ, ಪೋಕರ್ ಅವರ ಕಡೆ ನೋಡಿದ, ಕೊನೆಗೆ ತನ್ನ ಮೊಬೈಲನ್ನು ಮೇಜಿನ ಮೇಲೆ ತಳ್ಳಿದ. ವಾಟ್ಸ್ಆ್ಯಪಿನ ಸಂದೇಶ. ಹದಿಮೂರು ದಿನದ ಹಿಂದಿನದು. ಕೆಳಗೆ ಒಂದು ಫೈಲು. ಮೇಲೆ ಹೆಸರು.

ರಾಮಪ್ರಸಾದ್ ಸರ್.

“ಯಾವ ರಾಮಪ್ರಸಾದ?” ಪ್ರೀತಿಕಾಳ ಸ್ವರ ಅವಳಿಗೇ ದೂರದಿಂದ ಕೇಳಿಸಿತು.

“ನಮ್ಮ ಹಳೇ ಮ್ಯಾನೇಜರ್. ಮಾರ್ಚಿನಲ್ಲಿ ಬಿಟ್ರಲ್ಲ? ಈಗ ಪುತ್ತೂರಿನಲ್ಲಿ, ಶ್ವೇತಹಸ್ತದಲ್ಲಿ ಗುಣಮಟ್ಟದ ಮುಖ್ಯಸ್ಥ. ಈ 11.4ರ ಸಾಲಿನಿಂದಲೇ ಅವರಿಗೂ ಅಲ್ಲಿ ಕೆಲಸ ಸಿಕ್ಕಿದ್ದು ಅಂತ ಕೇಳಿದ್ದೇನೆ.”

ಪ್ರೀತಿಕಾ ಚೀಲದಿಂದ ತನ್ನ ನೇಮಕಪತ್ರವನ್ನು ತೆಗೆದಳು. ‘ಎರಡು ರೆಸ್ಯೂಮೆಗಳಲ್ಲಿ ಯಾವುದು ನಕಲು ಎಂದು ಪರಿಶೀಲಿಸಿ ವರದಿ ಕೊಡುವುದು.’ ಅಡಿಯಲ್ಲಿ ಸಹಿ: ರಾಮಪ್ರಸಾದ, ಗುಣಮಟ್ಟ ವಿಭಾಗದ ಮುಖ್ಯಸ್ಥ.

ತನ್ನನ್ನು ನೇಮಿಸಿದವನೇ ಕಳ್ಳ.

ಈಗ ಎಲ್ಲವೂ ಒಂದರ ಹಿಂದೆ ಒಂದಾಗಿ ಸಾಲಿಗೆ ಬಂದವು. ಶಿಫಾಳ ಅರ್ಜಿಯನ್ನು ಸುಮ್ಮನೆ ಬದಿಗಿಟ್ಟಿದ್ದರೆ ಅವಳು ಅದೇ ಸಾಲನ್ನು ಇನ್ನೊಂದು ಕಾರ್ಖಾನೆಗೆ ಕಳುಹಿಸುತ್ತಿದ್ದಳು. ಒಂದಲ್ಲ ಒಂದು ದಿನ ಯಾರಾದರೂ ಆ ಸಾಲನ್ನು ರಾಮಪ್ರಸಾದನ ಸಾಲಿನ ಪಕ್ಕದಲ್ಲಿಟ್ಟು ನೋಡುತ್ತಿದ್ದರು. ಅವಳ ಬಾಯಲ್ಲಿ ಆ ಸಾಲೇ ಕಳ್ಳಮಾಲು ಎನಿಸಬೇಕಿತ್ತು. ಅದಕ್ಕೆ ಪ್ರಖ್ಯಾತನ ಹಾಳೆ. ಅದಕ್ಕೆ ಹೊರಗಿನ ಪರಿಶೀಲಕಿ. ಗೋಡೆಯ ಪಟ್ಟಿಯಲ್ಲಿ 3.5 ಕಂಡು ಪ್ರೀತಿಕಾ ಇಬ್ಬರನ್ನೂ ಸುಳ್ಳರೆಂದು ಬರೆದುಬಿಡುತ್ತಾಳೆಂದು ಅವನು ನಂಬಿದ್ದ.

ಇಂದು ಬೆಳಿಗ್ಗೆ ಆಲಂಕಾರಿಗೆ ಹೋಗದಿದ್ದರೆ, ಅವಳು ಹಾಗೆಯೇ ಬರೆಯುತ್ತಿದ್ದಳು.

“ಶಿಫಾಳ ಲೆಕ್ಕದ ನೀಲಿ ಪುಸ್ತಕ ಘಟಕದಲ್ಲಿ ಕಾಣೆಯಾಗಿದೆ. ಈ ಸಂದೇಶವನ್ನಾದರೂ ನನಗೆ ಕಳುಹಿಸಿ.”

“ಇಲ್ಲ.” ಪ್ರಖ್ಯಾತ್ ಮೊಬೈಲನ್ನು ಹಿಂದಕ್ಕೆ ಎಳೆದುಕೊಂಡ. “ನಿಮಗೆ ಹೇಳಿದ್ದೇನೆ. ಅದಕ್ಕಿಂತ ಜಾಸ್ತಿ ಆಗುದಿಲ್ಲ. ನನ್ನ ಹೆಸರೂ ಆ ಗುಂಪಿಗೆ ಹೋಗ್ತದೆ. ಅವಳಾದ್ರೂ ಮಾಡಿದವಳು ಮೇಡಂ. ನಾನು?”

ಅವನು ಎದ್ದ. ಬಾಗಿಲಲ್ಲಿ ನಿಂತು, ತಿರುಗದೆಯೇ ಹೇಳಿದ. “ನೀಲಿ ಪುಸ್ತಕ ಹುಡುಕಲಿಕ್ಕೆ ಸಂಪಾಜೆಗೆ ಹೋಗಬೇಡಿ. ಬಿಟ್ಟು ಹೋಗುವ ದಿನ ಅವರ ಪೆಟ್ಟಿಗೆಯನ್ನು ಜೀಪಿಗೆ ಇಟ್ಟದ್ದು ನಾನೇ. ಅದು ಅದರಲ್ಲಿತ್ತು.”

ಪೋಕರ್ ಮುಟ್ಟದೆ ಉಳಿದ ಚಹಾವನ್ನು ಎತ್ತಿಕೊಳ್ಳುತ್ತ ಅವನ ಬೆನ್ನನ್ನೇ ನೋಡಿದರು. “ಈ ಮಕ್ಕಳು ಚಹಾ ಕುಡಿಯದೆ ಹೋದ್ರೆ ಎಂತದೋ ಉಂಟು ಅಂತ ಅರ್ಥ,” ಎಂದರು.

*

ಹೋಟೆಲಿನಲ್ಲೇ ಒಂದು ಗಂಟೆ ಕುಳಿತು, ಆಮೇಲೆ ಸುಳ್ಯದಿಂದ ಪುತ್ತೂರಿನವರೆಗಿನ ದಾರಿಯಲ್ಲಿ, ಪ್ರೀತಿಕಾ ವರದಿಯನ್ನು ಮನಸ್ಸಿನಲ್ಲೇ ನಾಲ್ಕು ಸಲ ಬರೆದಳು, ನಾಲ್ಕು ಸಲ ಅಳಿಸಿದಳು. ಸಾಕ್ಷಿಯ ಅಂಕಣ ಇನ್ನೂ ಖಾಲಿ. ಅವಳ ಕೈಯಲ್ಲಿದ್ದುದು ಒಂದು ಪರೀಕ್ಷೆ ಮಾತ್ರ. 11.4 ಯಾವುದರ ಶೇಕಡ? ಪ್ರಖ್ಯಾತ್ ಅದರಲ್ಲಿ ಸೋತ. ರಾಮಪ್ರಸಾದನೂ ಸೋತರೆ, ಕಾರ್ಖಾನೆಯ ಮಾಲಕರ ಮುಂದೆ ಅದೊಂದೇ ಸಾಕಾಗಬಹುದು.

ಆದರೆ ಶಿಫಾ ಶುಕ್ರವಾರದ ವಿಷಯವನ್ನು ಒಬ್ಬರಿಗೆ ಮಾತ್ರ ಹೇಳಿದ್ದಳು. ಆ ಒಬ್ಬ ಇವನೇ. ದಾರಿಯ ಕುಂಬ್ರ ಪೇಟೆ ದಾಟುವಾಗ ಅವಳಿಗೆ ಹೊಳೆಯಿತು: ಅವನಿಗೆ ಉತ್ತರ ಗೊತ್ತಿರುತ್ತದೆ.

ಶ್ವೇತಹಸ್ತದ ಮೊದಲ ಮಹಡಿಯ ಕೋಣೆಯ ಬಾಗಿಲನ್ನು ತಟ್ಟಿದಾಗ ಮೂರು ನಲವತ್ತೆರಡು.

“ಬನ್ನಿ, ಬನ್ನಿ. ನಿಮ್ಮನ್ನೇ ಕಾಯ್ತಿದ್ದೆವು.”

ರಾಮಪ್ರಸಾದ ಒಬ್ಬನೇ ಇರಲಿಲ್ಲ. ಅವನ ಎದುರಿನ ಕುರ್ಚಿಯಲ್ಲಿ ಶಿಫಾ ಕುಳಿತಿದ್ದಳು. ಮುಂದೆ ಅಚ್ಚುಮಾಡಿದ ಒಂದು ಹಾಳೆ. ಹಾಳೆಯ ಮೇಲೆ ಮುಚ್ಚಳ ತೆಗೆದಿಟ್ಟ ಪೆನ್ನು.

“ವರದಿಗೆ ಕಾಯುವ ಅಗತ್ಯ ಎಂತ ಅಂತ ನಾನೇ ಫೋನ್ ಮಾಡಿ ಬರ್ಲಿಕ್ಕೆ ಹೇಳಿದೆ,” ಎಂದ ರಾಮಪ್ರಸಾದ. ಐವತ್ತರ ಅಂಚಿನ ಮನುಷ್ಯ. ಇಸ್ತ್ರಿಯ ಗೆರೆ ಮುರಿಯದ ಅಂಗಿ, ಮಾತಿಗೆ ಮೊದಲೇ ಹೊರಡುವ ನಗು. “ಕ್ಷಮಾಪಣೆ ಬರೆದುಕೊಟ್ರೆ ಗುಂಪಿಗೆ ಹಾಕುದಿಲ್ಲ. ಪಾಪ, ಸಣ್ಣ ಪ್ರಾಯ. ನಮ್ಮದೇ ಹುಡುಗಿ.”

‘ನಾನು ಬರೆದ ಸಾಧನೆಯು ನನ್ನದಲ್ಲವೆಂದು ಒಪ್ಪಿಕೊಳ್ಳುತ್ತೇನೆ.’ ಪ್ರೀತಿಕಾ ಆ ಹಾಳೆಯನ್ನು ತಲೆಕೆಳಗಾಗಿಯೇ ಓದಿದಳು. ಶಿಫಾಳ ಕಣ್ಣುಗಳು ಅವಳನ್ನು ಹುಡುಕಿದವು. ‘ಮ್ಯಾನೇಜರ್ ಸರ್’ ಯಾರೆಂದು ಇಬ್ಬರೂ ಈಗ ಒಂದೇ ಕೋಣೆಯಲ್ಲಿ ನೋಡುತ್ತಿದ್ದರು.

“ಸಹಿ ಮಾಡಬೇಡ,” ಎಂದಳು ಪ್ರೀತಿಕಾ. ಬಳಿಕ ರಾಮಪ್ರಸಾದನ ಕಡೆ ತಿರುಗಿದಳು. “ಸರ್, ನಿಮ್ಮ ರೆಸ್ಯೂಮೆಯಲ್ಲೂ ಇದೇ ಸಾಲು ಉಂಟು ಅಲ್ಲವೇ?”

ನಗು ಕದಲಲಿಲ್ಲ. “ಉಂಟು. ಇರಬೇಕಲ್ಲ? ಮಾಡಿದವ ನಾನು. ಇವರಿಬ್ಬರೂ ಕದ್ದದ್ದು ನನ್ನಿಂದ.”

“ಹಾಗಾದರೆ ಒಂದೇ ಪ್ರಶ್ನೆ. 11.4 ಯಾವುದರ ಶೇಕಡ?”

ಅವನು ಕುರ್ಚಿಗೆ ಒರಗಿ ಕುಳಿತ.

“ಶುಕ್ರವಾರದ್ದು,” ಎಂದ ರಾಮಪ್ರಸಾದ. “ಗುರುವಾರ ಸಂಜೆ ಕ್ಯಾನಿಗೆ ಬಿಂಬುಳಿ ಹಾಕಿ ತಿಕ್ಕುತ್ತಾರೆ ನೋಡಿ ನಮ್ಮ ಜನ. ಅದರ ಹುಳಿ. ನಲವತ್ತಮೂರು ಮನೆಗೆ ಆಳು ಕಳಿಸಿ ನಿಲ್ಲಿಸಿದೆ. ಇವಳನ್ನೇ ಕಳಿಸಿದ್ದು.”

ಶಿಫಾ ಥಟ್ಟನೆ ತಲೆಯೆತ್ತಿದಳು.

ಅವನು ಮೇಜಿನ ಡ್ರಾಯರ್ ಎಳೆದು ನೀಲಿ ರಟ್ಟಿನ ಪುಸ್ತಕವನ್ನು ತೆಗೆದು ಮೇಜಿನ ಮೇಲಿಟ್ಟ. “ದಾಖಲೆ ಬೇಕಲ್ಲ ನಿಮ್ಮಂಥವರಿಗೆ? ನೋಡಿ. ನನ್ನ ಕೈಬರಹ.”

ಪ್ರೀತಿಕಾ ಪುಸ್ತಕವನ್ನು ತೆರೆದಳು. ಮೊದಲ ಪುಟದಿಂದ ಕೊನೆಯವರೆಗೆ ಒಂದೇ ಶಾಯಿ, ಒಂದೇ ಒತ್ತು. ಲ್ಯಾಟೆಕ್ಸಿನ ಪ್ರಯೋಗಾಲಯದಲ್ಲಿ ತಿಂಗಳುಗಟ್ಟಲೆ ಇದ್ದ ಪುಸ್ತಕದ ಯಾವ ಪುಟದಲ್ಲೂ ಒಂದು ಹನಿ ಹಾಲಿನ ಕಲೆಯಿಲ್ಲ, ಅಂಟಿಕೊಂಡ ಮೂಲೆಯಿಲ್ಲ. ಒಂದೇ ದಿನ ಕುಳಿತು ನಕಲು ತೆಗೆದ ಪುಸ್ತಕ. ಆದರೆ ಶುಭ್ರತೆ ಸಾಕ್ಷಿಯಾಗುವುದಿಲ್ಲ.

ಅವಳ ಬೆರಳು ದಿನಾಂಕಗಳ ಮೇಲೆ ಇಳಿಯಿತು. ಸೆಪ್ಟೆಂಬರ್ ಆರು. ಹದಿಮೂರು. ಇಪ್ಪತ್ತು. ಇಪ್ಪತ್ತೇಳು. ಅಕ್ಟೋಬರ್ ನಾಲ್ಕು.

ಅಕ್ಟೋಬರ್ ಹನ್ನೊಂದು, ಶುಕ್ರವಾರ: 11.9.

ಬೆರಳು ನಿಂತಿತು.

ಖಾಲಿ ಚೌಕ. ಕೆಂಪು ಬೊಟ್ಟು. ಹಾಲು ಬಾರದ ದಿನ ಚೌಕ ಖಾಲಿ ಬಿಡುದು, ಸೊನ್ನೆ ಹಾಕುದಲ್ಲ.

ಒಂದು ಶುಕ್ರವಾರ ಇಲ್ಲದ್ದರಿಂದಲೇ ಅಕ್ಟೋಬರಿನ ಶೇಕಡ ಸೆಪ್ಟೆಂಬರಿಗಿಂತ ಕಡಿಮೆಯಾಗಿತ್ತು. ಇದು ಅವಳಿಗೆ ನಿನ್ನೆಯೇ ಹೊಳೆಯಬೇಕಿತ್ತು. ಏಳೇಳು ದಿನ ಕೂಡಿಸುತ್ತ ಹೋದವನು ಆಯುಧಪೂಜೆಯನ್ನು ಮರೆತಿದ್ದ. ಪ್ರೀತಿಕಾ ಬೆಳಗಿನಿಂದ ಮೊದಲ ಬಾರಿಗೆ ಪೂರ್ತಿಯಾಗಿ ಉಸಿರು ಬಿಟ್ಟಳು.

“ಸರ್,” ಎಂದಳು, ಪ್ರತಿ ಪದವನ್ನೂ ತೂಗಿ. “ಕಳೆದ ವರ್ಷ ಅಕ್ಟೋಬರ್ ಹನ್ನೊಂದರಂದು ಆಯುಧಪೂಜೆ. ಘಟಕ ಇಡೀ ದಿನ ಮುಚ್ಚಿತ್ತು. ಒಂದು ಹನಿ ಹಾಲು ಒಳಗೆ ಬಂದಿಲ್ಲ. ಗೋಡೆಯ ಪಟ್ಟಿಯ ಚಿತ್ರ ನನ್ನ ಹತ್ತಿರ ಉಂಟು. ಬಾರದ ಹಾಲನ್ನು ಪರೀಕ್ಷೆ ಮಾಡಿ 11.9 ಎಂದು ಬರೆದದ್ದು ಹೇಗೆ?”

ರಾಮಪ್ರಸಾದನ ನಗು ಮುಖದ ಮೇಲೆಯೇ ಉಳಿಯಿತು, ಆದರೆ ಅದರ ಹಿಂದಿನ ಮನುಷ್ಯ ಎದ್ದು ಹೋದಂತಿತ್ತು. ಅವನ ಕೈ ಪುಸ್ತಕದ ಕಡೆಗೆ ಚಾಚಿತು. ಪ್ರೀತಿಕಾ ಅದನ್ನು ತನ್ನ ಕಡೆಗೆ ಎಳೆದುಕೊಂಡಳು. ಮೂರು ಐವತ್ತೊಂದು. ಮಾಲಕರ ಕೋಣೆ ಎರಡು ಬಾಗಿಲು ಆಚೆ.

“ಮಾಲಕರನ್ನು ಕರೆಯೋಣವೇ ಸರ್?”

“ಮೇಡಂ.”

ಶಿಫಾಳ ಸ್ವರ. ಅವಳು ಪೆನ್ನನ್ನು ಕೈಗೆತ್ತಿಕೊಂಡಿದ್ದಳು. ಅದಕ್ಕೆ ಮುಚ್ಚಳ ಹಾಕಿ ಹಾಳೆಯ ಪಕ್ಕಕ್ಕೆ ಇಟ್ಟಳು.

“ಮಾಲಕರನ್ನು ಕರೀಬೇಡಿ ಮೇಡಂ.”

“ಯಾಕೆ?”

ಶಿಫಾ ಪುಸ್ತಕವನ್ನು ನೋಡಿದಳು, ರಾಮಪ್ರಸಾದನನ್ನು ನೋಡಲಿಲ್ಲ.

“ಅದು ಅವರು ಸೇರಿಸಿದ್ದಲ್ಲ. ಆ 11.9 ನನ್ನ ಪುಸ್ತಕದಲ್ಲೂ ಉಂಟು. ಹಾಲು ಬಾರದ ದಿನಕ್ಕೂ ಅಂಕೆ ಕಟ್ಟಿ ಬರೆದದ್ದು ನಾನೇ.”